ಹತ್ತನೆಯ ಬೆರಳು

ಎಡಗಾಲಿನ ಬೂಟಿನೊಳಗೆ ಉಣ್ಣೆಯ ಉಂಡೆ ಇವತ್ತು ಸರಿಯಾಗಿ ಕೂತಿರಲಿಲ್ಲ. ಮಂಚದ ಅಂಚಿನಲ್ಲಿ ಕೂತ ಸ್ಟ್ರೋಯೆ ವೋದಾ, ಇಡೀ ವಲಾಖಿಯಾ ನಾಡಿನ ದೊರೆ, ಕಾಲನ್ನು ಒಳಗೇ ಅತ್ತ ಇತ್ತ ಹೊರಳಿಸಿ ಇಲ್ಲದ ಕಿರುಬೆರಳಿನ ಜಾಗವನ್ನು ಹುಡುಕಿದ. ಬೆರಳು ಹೋಗಿ ಮೂವತ್ತೊಂದು ವರ್ಷವಾಗಿದ್ದರೂ ಅದು ಆಗಾಗ ತುರಿಸುತ್ತಿತ್ತು. ಇಲ್ಲದ್ದನ್ನು ಕೆರೆದುಕೊಳ್ಳುವುದು ಹೇಗೆಂದು ತಿಳಿಯದೆ ಅವನು ಪಕ್ಕದ ಬೆರಳನ್ನು ಕೆರೆದು ಸಮಾಧಾನಪಟ್ಟುಕೊಳ್ಳುತ್ತಿದ್ದ. ಮುದುಕ ಮೊಗೋಷ್ ನೆಲದ ಮೇಲೆ ಮಂಡಿಯೂರಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ದೊರೆಗೆ ಬೂಟು ತೊಡಿಸುವ ಹಕ್ಕು ಈ ಮುದುಕನೊಬ್ಬನದೇ. ಸ್ನಾನದ ಬಿಸಿನೀರು ತರುವುದಕ್ಕೂ ಇನ್ನೊಬ್ಬರು ಒಳಗೆ ಬರುವಂತಿರಲಿಲ್ಲ. ದೊರೆಗೆ ಬಲು ನಾಚಿಕೆಯೆಂದು ಅರಮನೆಯಲ್ಲಿ ಹೆಸರಾಗಿತ್ತು. ಅಡುಗೆಯವರು ಅದಕ್ಕೆ ಇನ್ನಷ್ಟು ಬಣ್ಣ ಕಟ್ಟಿ, ದೊರೆ ಚಡ್ಡಿ ಹಾಕಿಕೊಂಡೇ ಸ್ನಾನ ಮಾಡುತ್ತಾನೆಂದು ಹಬ್ಬಿಸಿದ್ದರು.

"ಬುದ್ಧೀ, ಹೊಸಾ ಉಣ್ಣೆ ಹಾಕಿವ್ನಿ, ಅದಕ್ಕೇ ಉಬ್ಬೈತೆ. ನಡೀತಾ ನಡೀತಾ ಕೂತ್ಕತದೆ."

"ಇವತ್ತು ನಡೆಯೋದಲ್ಲ ಕಣೋ ತೊಂದರೆ. ಬಿಚ್ಚೋದು."

ಮೊಗೋಷ್ ತಲೆಯೆತ್ತಲಿಲ್ಲ. ಬೂಟಿನ ಮೇಲೆ ಇಲ್ಲದ ಧೂಳನ್ನು ತೋಳಿನಿಂದ ಒರೆಸಿದ. ಈ ನಾಡಿನಲ್ಲಿ ಅಂಗ ಊನವಾದವನು ಪಟ್ಟಕ್ಕೆ ಬರುವಂತಿಲ್ಲ. ದಾಯಾದಿಗಳು ಒಬ್ಬರನ್ನೊಬ್ಬರು ಕೊಂದು ಪಾಪ ಕಟ್ಟಿಕೊಳ್ಳುವುದೇಕೆಂದು ಮೂಗಿನ ತುದಿಯನ್ನಷ್ಟೇ ಕೊಯ್ದು ಮನೆಗೆ ಕಳಿಸಿದ್ದುಂಟು. ಸ್ಟ್ರೋಯೆಯ ಫ್ರುಂಜೆನಿ ಮನೆತನದಲ್ಲೇ ಅಂಥ ಮೂಗುಗಳು ಎರಡಿದ್ದವು. ಮೂಗಿಗೆ ಇರುವ ನಿಯಮ ಕಾಲ್ಬೆರಳಿಗೂ ಇದೆಯೇ, ಅದೂ ಕಿರುಬೆರಳಿಗೆ, ಎಂದು ಕೇಳಿ ತಿಳಿದುಕೊಳ್ಳುವ ಧೈರ್ಯ ಅವನಿಗೆ ಎಂದೂ ಬಂದಿರಲಿಲ್ಲ. ಕೇಳಿದರೆ ಯಾಕೆ ಕೇಳುತ್ತೀರಿ ಎನ್ನುತ್ತಾರೆ. ಯುದ್ಧದಲ್ಲಿ ಹೋಗಿದ್ದರೆ ಅದರ ಮಾತೇ ಬೇರೆ. ತುರ್ಕರ ಕತ್ತಿಗೆ, ತಾತಾರರ ಬಾಣಕ್ಕೆ, ಕೊನೆಗೆ ಬೇಟೆಯಲ್ಲಿ ಕರಡಿಗೆ ಕೊಟ್ಟಿದ್ದರೂ ಅದನ್ನು ಎದೆಯುಬ್ಬಿಸಿ ತೋರಿಸಬಹುದಿತ್ತು. ಅವನ ಬೆರಳನ್ನು ತಿಂದದ್ದು ಹಂದಿ.

ನಿನ್ನೆ ಮಧ್ಯಾಹ್ನ ವೊರ್ನಿಕ ಉದ್ರಿಷ್ಟೆ ಬಂದಿದ್ದ. ವೊರ್ನಿಕನೆಂದರೆ ಬೊಯಾರರ, ಅಂದರೆ ನಾಡಿನ ದೊಡ್ಡ ಜಮೀನ್ದಾರರ, ಸಭೆಗೆ ಹಿರಿಯ, ದೊರೆಯ ನಂತರದ ಮನುಷ್ಯ. ಉದ್ರಿಷ್ಟೆಯ ಮಟ್ಟಿಗೆ ಹೇಳುವುದಾದರೆ ದೊರೆಗಿಂತ ಅರ್ಧ ಹೆಜ್ಜೆ ಮುಂದಿನ ಮನುಷ್ಯ. ಬಂದವನೇ ಯಾವತ್ತಿನಂತೆ ದೊರೆಯ ನಿಲುವಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಿದ. ಸ್ಟ್ರೋಯೆ ಪಟ್ಟಕ್ಕೆ ಬಂದ ಈ ಹದಿನೆಂಟು ತಿಂಗಳಲ್ಲಿ ಅವನು ಕಾಲರು ಸರಿಮಾಡದ ದಿನವಿಲ್ಲ. ಚಿಕ್ಕಂದಿನಿಂದ ಪಕ್ಕದಲ್ಲೇ ಆಡಿ ಬೆಳೆದವರ ಸಲುಗೆ ಅದು ಎಂದು ಸ್ಟ್ರೋಯೆ ಸುಮ್ಮನಿರುತ್ತಿದ್ದ, ಆದರೂ ಪ್ರತಿಸಲ ತನ್ನ ಗಲ್ಲ ತಾನಾಗಿ ಮೇಲಕ್ಕೇಳುವುದನ್ನು ಕಂಡು ಅವನಿಗೇ ಬೇಜಾರಾಗುತ್ತಿತ್ತು. ನಾಳೆ ದೊಡ್ಡ ಗುರುವಾರ, ಎಂದ ಉದ್ರಿಷ್ಟೆ. ಪ್ರಭು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ ಚರ್ಚಿನ ದೊಡ್ಡ ಗುರುಗಳು ಹನ್ನೆರಡು ಜನರ ಕಾಲು ತೊಳೆಯುವ ದಿನ. ಹಿರಿಯ ಶಿಷ್ಯ ಪೇತ್ರನ ಕುರ್ಚಿಯಲ್ಲಿ ಕೂರಬೇಕಿದ್ದ ಮಠಾಧಿಪತಿ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಿದ್ದಾರೆ. ಬೊಯಾರರೆಲ್ಲ ಒಕ್ಕೊರಲಿನಿಂದ ಹೇಳುವುದೆಂದರೆ ಈ ವರ್ಷ ಪೇತ್ರನಾಗಿ ದೊರೆಯೇ ಕೂರಬೇಕು. "ಜನಕ್ಕೂ ಖುಷಿಯಾಗತ್ತೆ. ದೊರೆ ಎಷ್ಟು ವಿನಯವಂತರು ಅಂತಾರೆ. ಹೂಜಿ ಹಿಡಿಯೋಕೆ ನಾನಿದ್ದೀನಲ್ಲ." ಸ್ಟ್ರೋಯೆ ಆಗಲಿ ಎಂದ. ಬೇಡವೆನ್ನುವುದಕ್ಕೆ ಒಂದು ಕಾರಣವೂ ಬಾಯಿಗೆ ಬರಲಿಲ್ಲ. ಅವನು ಆಚೆ ಹೋದ ಮೇಲೆ ಹನ್ನೊಂದು ಕಾರಣ ಬಂದವು.

ಹಳದಿ ಬೂಟಿನಲ್ಲಿ ಮೆಲ್ಲಗೆ ಕಾಲೂರುತ್ತ ಅವನು ಓಣಿಗೆ ಬಂದ. ಎಲ್ಲಿಂದಲೋ ಸುಟ್ಟ ಕಡ್ಡಿಗಳ ವಾಸನೆ ಬರುತ್ತಿತ್ತು. ಸತ್ತ ಹಿರಿಯರು ಈ ದಿನ ಬಂದು ಚಳಿ ಕಾಯಿಸಿಕೊಳ್ಳಲೆಂದು ಬೆಳಗಿನ ಜಾವ ಮನೆಮನೆಯ ಅಂಗಳದಲ್ಲಿ ಬೆಂಕಿ ಹಾಕಿದ್ದರು. ಚಿಕ್ಕವನಿದ್ದಾಗ ಅವನಿಗೆ ಈ ದಿನವೆಂದರೆ ಭಯ. ಗುರುವಾರದ ಮುದುಕಿ ಬಂದು ಸೋಮಾರಿಗಳ ಬೆರಳು ಸುಡುತ್ತಾಳೆಂದು ಹೆದರಿಸುತ್ತಿದ್ದರು, ಅವನು ಒಂಬತ್ತನ್ನೇ ಹೊದಿಕೆಯೊಳಗೆ ಮುದುಡಿಕೊಂಡು ಮಲಗುತ್ತಿದ್ದ. ಅದಕ್ಕೂ ಮುಂಚೆ, ಹತ್ತೂ ಇದ್ದ ಕಾಲದಲ್ಲಿ, ಅದು ಮುಂಜಾನೆಯೋ ಸಂಜೆಯೋ ನೆನಪಿಲ್ಲ, ಹಂದಿ ಈದಿತ್ತು. ಹನ್ನೊಂದು ಮರಿ. ಪಕ್ಕದ ಜಮೀನಿನ ಬೊಯಾರನ ಮಗ ಉದ್ರಿಷ್ಟೆ, ಅವನಿಗಿಂತ ಆರು ವರ್ಷಕ್ಕೆ ದೊಡ್ಡವನು, ಬೇಲಿಯ ಮೇಲೆ ಕೂತು ಕಾಲಾಡಿಸುತ್ತ, ಬರಿಗಾಲಲ್ಲಿ ಒಳಗೆ ಹೋಗಿ ಒಂದು ಮರಿ ಎತ್ತಿಕೊಂಡು ಬಂದರೆ ನೀನು ಗಂಡಸು ಅಂದ. ಹುಡುಗನಾಗಿದ್ದಾಗಲೂ ಉದ್ರಿಷ್ಟೆಯ ಮುಖದಲ್ಲಿ ಒಂದು ವಿಚಿತ್ರವಿತ್ತು: ಆಗಬೇಕಾದ್ದು ಆಗುವ ಮೊದಲೇ ಅವನ ಹುಬ್ಬು ಮೇಲೇರಿ ಗಾಬರಿಗೆ ಸಿದ್ಧವಾಗಿರುತ್ತಿತ್ತು. ಆಮೇಲೆ ಅಳು, ರಕ್ತ, ಜೇಡರಬಲೆ ಮೆತ್ತಿದ ಬಟ್ಟೆ. ನೋವು ನೆನಪಿಲ್ಲ. ನೆನಪಿರುವುದು ವಾರ ಕಳೆದ ಮೇಲೆ ಬೇಲಿಯ ಆಚೆಯಿಂದ ಬಂದ ಹೆಸರು. "ಹಂದಿ ಎಂಜಲು! ಏಯ್, ಹಂದಿ ಎಂಜಲು!" ಸೋದರಸಂಬಂಧಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಆ ಹೆಸರು ಮನೆಯ ಗಡಿ ದಾಟಬಾರದೆಂದು ಎಲ್ಲರ ಬಾಯಿ ಕಟ್ಟಿಸಿದ. ಅವರೆಲ್ಲ ಈಗ ಮಣ್ಣಲ್ಲಿದ್ದಾರೆ. ಆ ನಗು ಮಾತ್ರ ಎಲ್ಲಿಗೂ ಹೋಗಿರಲಿಲ್ಲ, ಅವನ ಬೂಟಿನಲ್ಲೇ ಇತ್ತು.

ಹಂದಿಯನ್ನು ಕ್ರಿಸ್ಮಸ್ಸಿಗೆ ಮುಂಚೆ ಎಲ್ಲರ ಮನೆಯಲ್ಲೂ ಕಡಿಯುವಂತೆ ಕಡಿದರು. ಅವನು ಎರಡು ದಿನ ಊಟ ಬಿಟ್ಟ, ಮೂರನೆಯ ದಿನ ಹಸಿವು ತಡೆಯಲಾರದೆ ಸಾಸೇಜು ತಿಂದ. ಬೆಳ್ಳುಳ್ಳಿ ಹಾಕಿದ್ದು, ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬಾರದಿತ್ತು ಎಂದು ಅವನಿಗೆ ಇವತ್ತಿಗೂ ಅನಿಸುತ್ತದೆ.

ರಾಣಿ ಕಾಪ್ಲೆಯಾ ಅಡುಗೆಮನೆಯಲ್ಲೇ ಇದ್ದಳು. ಇಪ್ಪತ್ತು ಜನ ಆಳುಗಳಿದ್ದರೂ ಹಬ್ಬದ ಮೊಟ್ಟೆಗೆ ತಾನೇ ಬಣ್ಣ ಹಾಕಬೇಕು ಅವಳಿಗೆ. ಈರುಳ್ಳಿ ಸಿಪ್ಪೆ ಕುದಿಯುವ ಕೊಪ್ಪರಿಗೆಯ ಮುಂದೆ ತೋಳು ಮಡಿಸಿ ನಿಂತಿದ್ದವಳು ಗಂಡನ ಮುಖ ನೋಡಿದ್ದೇ ಆಳುಗಳನ್ನೆಲ್ಲ ಗಿಡುಗು ಕಂಡ ಕೋಳಿಮರಿಗಳಂತೆ ಆಚೆ ಓಡಿಸಿದಳು.

"ಅಲ್ರೀ, ಇನ್ನೂ ಅದೇ ಯೋಚ್ನೇನಾ? ಬಲಗಾಲು ಒಂದೇ ತೊಳೆಯೋದು. ನಮ್ಮಪ್ಪ ಎರಡು ಸಲ ಕೂತಿದ್ರು, ನಾನೇ ನೋಡಿದೀನಿ. ಬಲಗಾಲು."

"ಬಲಗಾಲೇ ತಾನೆ?"

"ಬಲಗಾಲೇ! ಅದನ್ನಾದ್ರೂ ನೆಟ್ಟಗೆ ತೊಳ್ಕೊಂಡು ಹೋಗಿ. ದೊಡ್ಡ ಗುರುಗಳಿಗೆ ಕಣ್ಣು ಕಾಣಲ್ಲ ನಿಜ, ಮೂಗಿದೆ."

ಅವನು ನಕ್ಕ. ಮದುವೆಯಾದ ಹೊಸದರಲ್ಲಿ ಒಂದು ತಿಂಗಳು ಅವನು ಕಾಲುಚೀಲ ಬಿಚ್ಚದೆ ಮಲಗಿದ್ದ. ಬೇಸಿಗೆ ಬಂದಾಗ ಇವಳೇ ಎಳೆದು ಬಿಸಾಡಿ, ನೋಡಿ, ಇಷ್ಟೇನಾ ಅಂದಿದ್ದಳು. ಹಂದಿಯ ವಿಷಯ ತಿಳಿದ ಮೇಲೆ ಮಾತ್ರ ಮುಖವನ್ನು ದಿಂಬಿಗೆ ಒತ್ತಿಕೊಂಡು ಬಹಳ ಹೊತ್ತು ಅಲುಗಾಡಿದಳು. ಅಳುತ್ತಿದ್ದಾಳೆಂದು ಅವನು ಬೆನ್ನು ಸವರಿದ್ದ. ಈಗಲೂ ಅವಳಿಗೆ ಅದೆಲ್ಲ ನೆನಪಾಗಿರಬೇಕು, ಸೌಟಿನಿಂದ ಒಂದು ಮೊಟ್ಟೆ ಎತ್ತಿ ಬಣ್ಣ ನೋಡುತ್ತ ತುಟಿ ಕಚ್ಚಿಕೊಂಡಳು.

"ಉದ್ರಿಷ್ಟೆ ಪಾಪ, ನನಗೋಸ್ಕರ ಸುಳ್ಳು ಹೇಳಿದವನು. ಅವನಿಗೆ ಮರೆತೇ ಹೋಗಿರಬೇಕು, ಇಲ್ಲದಿದ್ರೆ ನನ್ನನ್ನ ಅಲ್ಲಿ ಕೂರಿಸ್ತಿರಲಿಲ್ಲ," ಎಂದ ಸ್ಟ್ರೋಯೆ.

"ಪಾಪಾನಾ? ಅವನಿಗೆ ಒಂದೂ ಬಿಡದೆ ಹಳೇದೆಲ್ಲ ನೆನಪಿರತ್ತೆ. ನಮ್ಮ ಮದುವೇಲಿ ಯಾರು ಎಷ್ಟು ಕುಡಿದ್ರು ಅಂತ ಇವತ್ತೂ ಹೇಳ್ತಾನೆ." ಅವಳು ಮೊಟ್ಟೆಯನ್ನು ಮತ್ತೆ ನೀರಿಗೆ ಬಿಟ್ಟಳು. "ಒಂದು ಕೇಳ್ತೀನಿ. ಆವತ್ತು ಸುವಾರ್ತೆ ಪುಸ್ತಕದ ಮೇಲೆ ಕೈಯಿಟ್ಟಿದ್ದು ಯಾರು? ನೀವಾ ಅವನಾ?"

"ಅವನು."

"ಹಾಂ. ಹಾಗಾದ್ರೆ ಹೋಗಿ ಕಾಲು ತೊಳ್ಕೊಳ್ಳಿ."

ಅವಳು ಹೀಗೆಯೇ. ಅರ್ಧ ಹೇಳಿ ಉಳಿದದ್ದನ್ನು ಕೊಪ್ಪರಿಗೆಗೆ ಹೇಳುತ್ತಾಳೆ. ಚರ್ಚಿನಲ್ಲಿ ಪೂಜೆಗೆ ಕರೆಯುವ ಮರದ ಹಲಗೆ ಬಡಿಯುವ ಸದ್ದು ಶುರುವಾಗಿತ್ತು. ಅಂಗಳ ದಾಟುವಾಗ ಅವನು ಆವತ್ತನ್ನು, ತಾನು ದೊರೆಯಾದ ಬೆಳಗನ್ನು, ಮತ್ತೆ ಬಿಚ್ಚಿ ನೋಡಿದ. ಹಳೆಯ ದೊರೆ ಸತ್ತಿದ್ದ, ಬೊಯಾರರು ಮೂರು ದಿನ ಕಿತ್ತಾಡಿದ್ದರು. ನಾಲ್ಕನೆಯ ದಿನ ಉದ್ರಿಷ್ಟೆ ಎದ್ದು ನಿಂತು, ಫ್ರುಂಜೆನಿ ಮನೆತನದ ಸ್ಟ್ರೋಯೆ ಆಗಬಹುದು, ಅವನಜ್ಜನ ಅಜ್ಜಿಯ ಕಡೆಯಿಂದ ಅರಸರ ರಕ್ತ ಇದೆ ಎಂದ. ಬೇಸಾಯ ನೋಡಿಕೊಂಡು, ಜೇನು ಸಾಕಿಕೊಂಡು ಇದ್ದವನನ್ನು ಕರೆಸಿದರು. ದೊಡ್ಡ ಗುರು ಇಲಾರಿಯೋನ್, ಪದ್ಧತಿಯಂತೆ, ಇವನ ಅಂಗಾಂಗ ನೆಟ್ಟಗಿವೆಯೇ ಎಂದು ಕೇಳಿದರು. ಸ್ಟ್ರೋಯೆ ಬಾಯಿ ತೆರೆಯುವುದರೊಳಗೆ ಉದ್ರಿಷ್ಟೆ ಮುಂದೆ ಬಂದು ಸುವಾರ್ತೆಯ ಮೇಲೆ ಅಂಗೈ ಊರಿದ: ಯಾಲೊಮಿತ್ಸಾ ಹೊಳೆಯಲ್ಲಿ ಇವನ ಜೊತೆ ಚಿಕ್ಕಂದಿನಿಂದ ಈಜಿದ್ದೇನೆ, ತಲೆಯಿಂದ ಕಾಲ್ಬೆರಳಿನ ತನಕ ಕಂಡಿದ್ದೇನೆ, ಒಂದೂ ಕೊರತೆಯಿಲ್ಲ. ಕಾಲ್ಬೆರಳು ಎಂದೇ ಹೇಳಿದ್ದ! ಸ್ಟ್ರೋಯೆಯ ಕಣ್ಣು ತುಂಬಿ ಬಂದಿತ್ತು. ಹಂದಿ ಎಂಜಲು ಎಂದವನೇ ಇವತ್ತು ನನಗಾಗಿ ನರಕಕ್ಕೆ ಹೋಗಲು ತಯಾರಾಗಿದ್ದಾನಲ್ಲ ಎಂದು ಎದೆ ಕರಗಿತ್ತು. ಆ ಋಣಕ್ಕೆ ಅವನು ಹದಿನೆಂಟು ತಿಂಗಳು ಉದ್ರಿಷ್ಟೆ ತಂದ ಕಾಗದಕ್ಕೆಲ್ಲ ಮುದ್ರೆ ಒತ್ತಿದ. ಉಪ್ಪಿನ ಗಣಿ ವೊರ್ನಿಕನ ಅಳಿಯನಿಗೆ. ಸೇತುವೆಯ ಸುಂಕ ಮೈದುನನಿಗೆ. ಓದಬೇಕೆಂದು ಕಾಗದ ಹಿಡಿದರೆ ಉದ್ರಿಷ್ಟೆ ನಾನಿದ್ದೀನಲ್ಲ ಎನ್ನುತ್ತಿದ್ದ, ಮುದ್ರೆಯ ಮೇಣ ಆಗಲೇ ಕರಗಿರುತ್ತಿತ್ತು.

ಮೊನ್ನೆ ಸೋಮವಾರ ಮಾತ್ರ ಒತ್ತಲಿಲ್ಲ. ಕೊರ್ನೆಟ್ ಎಂಬ ಊರು, ಅರವತ್ತು ಮನೆ, ಯಾರ ಒಕ್ಕಲೂ ಅಲ್ಲದೆ ತಮ್ಮ ನೆಲವನ್ನು ತಾವೇ ಉಳುವ ಜನ. ಅವರ ಹಳೆಯ ಹಕ್ಕುಪತ್ರ ಸಲ್ಲುವುದಿಲ್ಲವೆಂದು ಸಾಧಿಸಿ ಊರನ್ನು ಆಳುಕಾಳು ಸಮೇತ ವೊರ್ನಿಕನಿಗೆ ಬರೆದುಕೊಡುವ ಕಾಗದ ಅದು. ಊರಿನ ಹಿರಿಯ ನೆಗ್ರಿಲಾ, ಕುರಿಯ ತೊಗಲು ಹೊದ್ದ ಮುದುಕ, ಸಭೆಯಲ್ಲಿ ನಿಂತು ಏನೂ ವಾದ ಮಾಡಲಿಲ್ಲ, ಹಕ್ಕುಪತ್ರ ಬಿಚ್ಚಿ ಹಿಡಿದುಕೊಂಡು ನಿಂತ. ಅದನ್ನು ನೋಡಿ ಸ್ಟ್ರೋಯೆಯ ಬಾಯಿಂದ ಬಂದುಬಿಟ್ಟಿತು: ಇಲ್ಲ, ಈ ಊರು ಇವರದೇ. ಸಭೆಯಲ್ಲಿ ಯಾರೋ ಕೆಮ್ಮಿದರು. ಉದ್ರಿಷ್ಟೆ ಮುಗುಳ್ನಕ್ಕು, ಕಾಲರು ಸರಿಮಾಡಿ, ದೊರೆಗೆ ಆಯಾಸವಾಗಿದೆ ಎಂದ. ಮಂಗಳವಾರ ಮಠಾಧಿಪತಿಯ ಹೊಟ್ಟೆ ಕೆಟ್ಟಿತು.

ಈ ಎರಡು ದಿನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ಅವನಿಗೆ ಚರ್ಚಿನ ಮೆಟ್ಟಿಲು ಹತ್ತುವ ತನಕ ಹೊಳೆದಿರಲಿಲ್ಲ. ಹೊಳೆದಾಗ ಕಾಲು ತಾನಾಗಿ ನಿಂತಿತು. ಹಿಂದಿದ್ದ ಮೊಗೋಷ್ ಬಂದು ಬೆನ್ನಿಗೆ ಡಿಕ್ಕಿ ಹೊಡೆದು, ತಪ್ಪಾಯ್ತು ಬುದ್ಧೀ ಎಂದ.

ಒಳಗೆ ಜನ ತುಂಬಿದ್ದರು. ಮುಂದೆ ಬೊಯಾರರು, ಎಡಕ್ಕೆ ಹೆಂಗಸರ ಜೊತೆ ಕಾಪ್ಲೆಯಾ, ಬೆರಳ ತುದಿಯಲ್ಲಿ ಇನ್ನೂ ಈರುಳ್ಳಿ ಬಣ್ಣ. ಬಾಗಿಲ ಹತ್ತಿರ ನೆಗ್ರಿಲಾ ಮತ್ತವನ ಊರಿನ ನಾಲ್ಕೈದು ಜನ ಕೆಂಪು ಮೊಟ್ಟೆಯ ಬುಟ್ಟಿ ಹಿಡಿದು ನಿಂತಿದ್ದರು, ದೊರೆಗೆ ಕೊಡಲು ತಂದದ್ದಿರಬೇಕು. ಹನ್ನೊಂದು ಪಾದ್ರಿಗಳು ಸಾಲಾಗಿ ಕೂತಿದ್ದರು, ಹನ್ನೆರಡನೆಯ ಕುರ್ಚಿ ಅವನದು. ಇಲಾರಿಯೋನ್ ಸೊಂಟಕ್ಕೆ ಟವೆಲು ಸುತ್ತಿಕೊಂಡು ಒಬ್ಬೊಬ್ಬರ ಮುಂದೂ ನರಳುತ್ತ ಮಂಡಿಯೂರುವರು, ತೊಳೆಯುವರು, ಒರೆಸುವರು, ಮುತ್ತಿಡುವರು. ಬಲಗಾಲೇ. ಸ್ಟ್ರೋಯೆ ಪ್ರತಿ ಪಾದವನ್ನೂ ನೋಡಿದ. ಆರನೆಯ ಪಾದ್ರಿಯ ಉದ್ದನೆಯ ಉಗುರು ನೋಡಿ, ಅಂಥ ಹೊತ್ತಿನಲ್ಲೂ ನಗು ಬಂತು, ಅದುಮಿಕೊಂಡ. ಮೊಗೋಷ್ ಅವನ ಬಲಬೂಟು ಬಿಚ್ಚಿ ಬದಿಗಿಟ್ಟ. ಉದ್ರಿಷ್ಟೆ ಬೆಳ್ಳಿಯ ಹೂಜಿ ಹಿಡಿದು ದೊಡ್ಡ ಗುರುಗಳ ಹಿಂದೆಯೇ ಬರುತ್ತಿದ್ದ, ಬಂದ, ನಿಂತ. ಆಮೇಲೆ ಇಡೀ ಚರ್ಚಿಗೆ ಕೇಳುವಂತೆ ಹೇಳಿದ.

"ಗುರುಗಳೇ, ಪೇತ್ರ ಒಂದು ಕಾಲಿಗೆ ತೃಪ್ತಿ ಪಟ್ಟವನಲ್ಲ. ಕೈ, ತಲೆ ಎಲ್ಲಾ ತೊಳೀರಿ ಅಂದವನು. ಅದಕ್ಕೇ ಹಿಂದೆಲ್ಲ ಪೇತ್ರನಿಗೆ ಎರಡೂ ಕಾಲು ತೊಳೀತಿದ್ರಂತೆ. ದೊರೆಗಳು ಕೂತಿರೋವಾಗ ನಾವು ಕಡಿಮೆ ಮಾಡೋದು ಬೇಡ."

"ಹೌದಾ? ಇರಬಹುದಪ್ಪ," ಎಂದರು ಇಲಾರಿಯೋನ್. ಎಂಬತ್ತು ದಾಟಿದ ಅವರಿಗೆ ಮಂಡಿಯೂರಿದ ಮೇಲೆ ಏಳುವುದಕ್ಕಿಂತ ಇನ್ನೊಂದು ಕಾಲು ತೊಳೆಯುವುದೇ ಸುಲಭ. "ಎಡಗಾಲೂ ಕೊಡು ಮಗಾ."

ಸ್ಟ್ರೋಯೆ ತಲೆಯೆತ್ತಿ ಉದ್ರಿಷ್ಟೆಯ ಮುಖ ನೋಡಿದ. ಹುಬ್ಬು ಆಗಲೇ ಮೇಲೇರಿತ್ತು. ಇನ್ನೂ ಬಿಚ್ಚದ ಬೂಟಿನ ಮುಂದೆ ಗಾಬರಿ ಸಿದ್ಧವಾಗಿ ನಿಂತಿತ್ತು. ಬೇಲಿಯ ಮೇಲೆ ಕಾಲಾಡಿಸುತ್ತ ಕೂತಿದ್ದ ಅದೇ ಹುಬ್ಬು. ಓಹೋ, ಎಂದುಕೊಂಡ ಸ್ಟ್ರೋಯೆ. ಇವನು ನನಗಾಗಿ ಸುಳ್ಳು ಹೇಳಿದ್ದಲ್ಲ. ಇಡೀ ನಾಡಿನಲ್ಲಿ ನೆಟ್ಟಗಿದ್ದ ಎಷ್ಟೋ ಜನರನ್ನು ಬಿಟ್ಟು ಒಂಬತ್ತು ಬೆರಳಿನವನನ್ನು ಹುಡುಕಿ ತಂದದ್ದೇ ಇದಕ್ಕೆ: ಹೇಳಿದಂತೆ ಕೇಳುವ ತನಕ ಇರಲಿ, ಕೇಳದ ದಿನ ಬೂಟು ಬಿಚ್ಚಿಸಿದರಾಯಿತು. ಬಾಯಿ ಬಿಟ್ಟು ಹೇಳಿದರೆ ಅವನದೇ ಪ್ರಮಾಣ ಸುಳ್ಳಾಗುತ್ತದೆ. ಆದ್ದರಿಂದ ಎಲ್ಲರೆದುರು ತಾನಾಗಿ ಕಾಣಬೇಕು, ಅವನೂ ಎಲ್ಲರ ಜೊತೆ ಆಗ ತಾನೇ ಕಂಡವನಂತೆ ಬೆಚ್ಚಬೇಕು. ಇದು ಗೊತ್ತಾಗದೆ ನಾನು ಹದಿನೆಂಟು ತಿಂಗಳು ಗಲ್ಲವೆತ್ತಿ ಕಾಲರು ಕೊಟ್ಟೆನಲ್ಲ! ಸಿಟ್ಟು ಬರಬೇಕಿತ್ತು. ಅದರ ಬದಲು ಕೊಪ್ಪರಿಗೆಯ ಮುಂದೆ ಕಾಪ್ಲೆಯಾ ಕೇಳಿದ ಪ್ರಶ್ನೆ ನೆನಪಾಗಿ, ಅವಳು ಹೇಳದೆ ಬಿಟ್ಟ ಉಳಿದರ್ಧ ಈಗ ಕೇಳಿಸಿತು: ತಾನಾಗಿ ಕಂಡರೂ ಸುಳ್ಳಾಗುವುದು ಕೈಯಿಟ್ಟವನ ಪ್ರಮಾಣವೇ. ಮೊಗೋಷನ ಕೈ ಬೂಟಿನ ಮೇಲೆ ಹೆಪ್ಪುಗಟ್ಟಿತ್ತು. ಸ್ಟ್ರೋಯೆ ಆ ಕೈಯನ್ನು ಮೆಲ್ಲಗೆ ಸರಿಸಿ, ತಾನೇ ಬಗ್ಗಿ, ಬೂಟು ಎಳೆದ.

ಉಣ್ಣೆಯ ಉಂಡೆ ಉರುಳಿ ಬೋಗುಣಿಯ ನೀರಿಗೆ ಬಿದ್ದು ತೇಲಿತು.

"ಅಯ್ಯೋ ದೇವರೇ!" ಉದ್ರಿಷ್ಟೆ ಹೂಜಿ ಅಲ್ಲಾಡಿಸಿ ಎರಡು ಹೆಜ್ಜೆ ಹಿಂದೆ ಹೋದ. "ಬೆರಳು! ದೊರೆಗಳ ಕಾಲಿನಲ್ಲಿ ಬೆರಳಿಲ್ಲ! ಬೊಯಾರರೇ, ನಾವೆಲ್ಲ ಮೋಸ ಹೋದ್ವಿ!"

ಹಿಂದಿದ್ದವರು ತುದಿಗಾಲಲ್ಲಿ ನಿಂತು ಕತ್ತು ಚಾಚಿದರು. ಇಲಾರಿಯೋನರು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಕಾಣದ ಕಣ್ಣನ್ನು ಮೇಲಕ್ಕೆತ್ತಿ, ಬೆರಳ ಸಂದಿಗಳನ್ನು ತಡವುತ್ತ ಕೊನೆಗೆ ಬಂದು, "ಇಲ್ಲಿ ಕೆಲಸ ಸ್ವಲ್ಪ ಕಡಿಮೆ" ಎಂದರು.

"ವೊರ್ನಿಕರೇ," ಎಂದ ಸ್ಟ್ರೋಯೆ. "ಆವತ್ತು ಇದೇ ಜಾಗದಲ್ಲಿ ಸುವಾರ್ತೆ ಮೇಲೆ ಕೈಯಿಟ್ಟು ನೀವೇ ಹೇಳಿದ್ರಿ, ಕಾಲ್ಬೆರಳಿನ ತನಕ ನೋಡಿದೀನಿ, ಎಲ್ಲಾ ಸರಿಯಾಗಿದೆ ಅಂತ. ನನ್ನ ಮಾತು ಬಿಡಿ, ನಾನು ಪ್ರಮಾಣ ಮಾಡಿದವನಲ್ಲ. ನೀವು ಹೇಳಿ. ಆವತ್ತು ಎಷ್ಟಿತ್ತು?"

ಉದ್ರಿಷ್ಟೆಯ ಹುಬ್ಬು ಇಳಿಯಿತು. "ಆವತ್ತು... ಆಮೇಲೆ ಯಾವಾಗಲೋ ಹೋಗಿರಬೇಕು..."

"ಇದು ಹಳೇ ಗಾಯ," ಎಂದರು ಇಲಾರಿಯೋನ್ ತಡವುತ್ತಲೇ. "ಬಹಳ ಹಳೇದು. ನನ್ನ ಗಡ್ಡ ಕಪ್ಪಗಿದ್ದ ಕಾಲದ್ದು. ಉದ್ರಿಷ್ಟೆ, ಪುಸ್ತಕ ಹಿಡಿದವನು ನಾನು. ಸುಳ್ಳು ಪ್ರಮಾಣಕ್ಕೆ ಏನು ಶಿಕ್ಷೆ ಅಂತ ನಿನಗೆ ಗೊತ್ತಲ್ಲ?"

ಬೊಯಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪಿನ ಗಣಿ ಸಿಗದವರೆಲ್ಲ ಅವರಲ್ಲಿದ್ದರು. ಸ್ಟ್ರೋಯೆ ಅಲ್ಲೇ ನಿಲ್ಲಿಸಬಹುದಿತ್ತು. ಆದರೆ ಮೂವತ್ತೊಂದು ವರ್ಷ ಬೂಟಿನಲ್ಲಿ ಅದುಮಿಟ್ಟದ್ದು ಒಮ್ಮೆ ಗಾಳಿ ಕಂಡ ಮೇಲೆ ಸುಮ್ಮನಿರಲಿಲ್ಲ, ಬಾಯಿಗೇ ಬಂತು.

"ಹಂದಿ ತಿಂತು ಗುರುಗಳೇ. ಒಂಬತ್ತು ವರ್ಷ ನನಗೆ. ಮರಿ ಎತ್ಕೊಳ್ಳೋಕೆ ಹೋಗಿದ್ದೆ. ಇವರು ಬೇಲಿ ಮೇಲೆ ಕೂತಿದ್ರು. ಆದ್ರೆ ವೊರ್ನಿಕರು ಸುಳ್ಳು ಹೇಳಿಲ್ಲ. ಹಂದಿ ನನ್ನ ಬೆರಳು ತಿಂತು, ಕ್ರಿಸ್ಮಸ್ಸಿಗೆ ನಾನು ಹಂದೀನ ತಿಂದೆ. ಬೆಳ್ಳುಳ್ಳಿ ಹಾಕಿ ಮಾಡಿದ್ರು. ಹಾಗೆ ನೋಡಿದ್ರೆ ಬೆರಳು ಎಲ್ಲೂ ಹೋಗಿಲ್ಲ, ಒಳಗೇ ಇದೆ."

ಮೊದಲು ನಕ್ಕದ್ದು ಕಾಪ್ಲೆಯಾ. ಹದಿನೈದು ವರ್ಷದಿಂದ ದಿಂಬಿಗೆ ಒತ್ತಿಟ್ಟ ನಗು ಅದು, ಕಂಬಗಳ ನಡುವೆ ಗಹಗಹಿಸಿತು. ಆಮೇಲೆ ಬಾಗಿಲ ಹತ್ತಿರ ನೆಗ್ರಿಲಾ, ಪಾದ್ರಿಗಳು, ಆರನೆಯವರು ಕುರ್ಚಿಯಿಂದ ಜಾರುವಷ್ಟು, ಕೊನೆಗೆ ಬೊಯಾರರು ಗಡ್ಡದಲ್ಲಿ ಮುಖ ಮುಚ್ಚಿಕೊಂಡು. ಅವನು ಜೀವಮಾನವೆಲ್ಲ ಹೆದರಿದ್ದು ಈ ನಗುವಿಗೇ. ಈಗ ಅದು ಬಂದು ಸುತ್ತ ನಿಂತಾಗ, ಚಳಿಯಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂತಂತೆ ಹಾಯೆನಿಸಿತು. ಅವನಿಗೆ ನಿಜವಾಗಿಯೂ ಬಹಳ ಸಂತೋಷವಾಯಿತು.

"ಉಪವಾಸದ ದಿನ ಚರ್ಚಿನಲ್ಲಿ ಹಂದಿ ಮಾಂಸದ ಮಾತು ಆಡಬೇಡಿ," ಎಂದು ಇಲಾರಿಯೋನ್ ಗದರಿದರು, ಅವರ ಹೆಗಲೂ ಅಲುಗುತ್ತಿತ್ತು. "ಉದ್ರಿಷ್ಟೆ, ಬಾ ಇಲ್ಲಿ. ನನಗೆ ಕಣ್ಣು ಕಾಣಲ್ಲ. ನೀನೇ ಎಣಿಸಿ ಹೇಳು. ಒಂದೋ ನಿನ್ನ ಪ್ರಮಾಣ ನಿಜ, ಇಲ್ಲಾ ಅಂದ್ರೆ ಸುಳ್ಳು. ಜೋರಾಗಿ ಎಣಿಸು."

ಉದ್ರಿಷ್ಟೆ ಹೂಜಿಯನ್ನು ಮೊಗೋಷನ ಕೈಗೆ ಕೊಟ್ಟು ಮಂಡಿಯೂರಿದ. ಒದ್ದೆ ಪಾದದ ಹೆಬ್ಬೆರಳನ್ನು ಮುಟ್ಟಿ ಒಂದು ಎಂದ. ಎರಡು, ಮೂರು. ನಾಲ್ಕರಲ್ಲಿ ತುಸು ಹೊತ್ತು ನಿಂತ.

"ಐದು," ಎಂದ.

"ಕೇಳಿಸಲಿಲ್ಲ," ಎಂದರು ಇಲಾರಿಯೋನ್.

"ಐದಿದೆ ಗುರುಗಳೇ! ದೊರೆಗಳು ನೆಟ್ಟಗಿದ್ದಾರೆ. ಎಲ್ಲಾ ಸರಿಯಾಗಿದೆ."

ಪೂಜೆ ಮುಗಿದಾಗ ಮೊಗೋಷ್ ಬೋಗುಣಿಯಿಂದ ಉಂಡೆ ಎತ್ತಿ ಹಿಂಡಿ, ಬುದ್ಧೀ, ಇದನ್ನ ಒಣಗಿಸಾನಾ ಎಂದು ಕೇಳಿದ. ಬೇಡ ಬಿಡು, ಎಂದ ಸ್ಟ್ರೋಯೆ. ಬರಿದಾದ ಬೂಟಿನ ತುದಿ ಕಲ್ಲುಹಾಸಿನ ಮೇಲೆ ಪಟ್ ಪಟ್ ಎಂದು ಮಡಚಿಕೊಳ್ಳುತ್ತಿತ್ತು, ಅವನು ಹಾಗೇ ನಡೆದ. ಹೊರಬಾಗಿಲಲ್ಲಿ ಉದ್ರಿಷ್ಟೆ ಅಭ್ಯಾಸಬಲದಿಂದ ಕಾಲರಿನತ್ತ ಕೈ ಎತ್ತಿದ. ಸ್ಟ್ರೋಯೆಯ ಗಲ್ಲ ಈ ಸಲ ಮೇಲೇಳಲಿಲ್ಲ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಕೆಲಸ ಸಿಗದೆ, ತನ್ನ ಗಡ್ಡವನ್ನೇ ನೀವಿಕೊಂಡು ಕೆಳಗಿಳಿಯಿತು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಮೆಟ್ಟಿಲ ಕೆಳಗೆ ನೆಗ್ರಿಲಾ ಮೊಟ್ಟೆಯ ಬುಟ್ಟಿಯನ್ನು ಎದೆಗವುಚಿಕೊಂಡು ಕಾದಿದ್ದ. ಕೊಡುವುದಕ್ಕೆ ಮೊದಲು ಅವನಿಗೆ ಒಂದು ಕೇಳಬೇಕಿತ್ತು.

"ದೊರೆ, ನಮ್ಮೂರು ಇನ್ನು ನಮ್ದೇ ಅಲ್ವ್ರಾ? ನಾಳೆ ಯಾರಾರ ಬಂದು ಕಾಗ್ದ ಸರಿ ಇಲ್ಲ ಅಂದ್ರೆ?"

"ಬರಲಿ ಬಿಡು," ಎಂದ ಸ್ಟ್ರೋಯೆ. "ನಾನಿದ್ದೀನಲ್ಲ."

ಅಂದ ಮೇಲೆ ಒಂದು ಕ್ಷಣ ಅವನಿಗೆ ತಾನು ಯಾರ ಮಾತನ್ನು ಆಡಿದೆನೆಂದು ಗಾಬರಿಯಾಯಿತು. ಹಿಂದಿರುಗಿ ನೋಡಿದ. ವೊರ್ನಿಕ ಬಾಗಿಲಲ್ಲಿ ನಿಂತು ಬೊಯಾರರಿಗೆ ದಾರಿ ಬಿಡುತ್ತಿದ್ದ. ಸ್ಟ್ರೋಯೆ ವೋದಾ ಎರಡೂ ಕೈ ಚಾಚಿ, ಹತ್ತು ಬೆರಳಿನಿಂದಲೂ ಬುಟ್ಟಿಯನ್ನು ಭದ್ರವಾಗಿ ಹಿಡಿದುಕೊಂಡ.